ನಡುಕದ ಮಾತ್ರೆ ಮತ್ತು ನಮ್ಮ ಎಲೆಯಡಿಕೆ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕೈ ನಡುಗುವುದೆಂದರೆ ಅದು ಕಾಯಿಲೆಯ ಮಾತಷ್ಟೇ ಅಲ್ಲ, ದುಡಿಮೆಯ ಮಾತೂ ಹೌದು. ಬೀಡಿ ಸುತ್ತಿ ನೂಲು ಬಿಗಿಯುವ ಬೆರಳು, ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಕೈ, ಯಕ್ಷಗಾನದ ಮದ್ದಳೆ ನುಡಿಸುವ ಕೈ, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೈ, ಇವು ನಡುಗಿದರೆ ಮನೆಯ ಸಂಪಾದನೆಯೂ ನಡುಗುತ್ತದೆ. ಆದ್ದರಿಂದಲೇ ನಡುಕಕ್ಕೆ ಒಂದು ಮಾತ್ರೆ ಇದೆ ಎಂದು ಗೊತ್ತಾದ ಕೂಡಲೇ ಅದನ್ನು ತರಿಸಿ ನುಂಗುವ ಆತುರ ಯಾರಿಗಾದರೂ ಸಹಜ. ಇಂದು ಆ ಮಾತ್ರೆಯ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ವಿಜ್ಞಾನ ಓದಿ ಟೆಲಿವಿಷನ್ ಕಾರ್ಯಕ್ರಮಗಳ ನಿರ್ಮಾಣಕ್ಕೆ ಬಂದವನು. ಹಾಗಾಗಿ ಯಾರು ಎಷ್ಟು ಮಾತ್ರೆ ನುಂಗಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಮಾತ್ರೆ ದೇಹದೊಳಗೆ ಏನು ಮಾಡುತ್ತದೆ, ಮನೆಯವರು ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಬಿಡಿಸಿ ಹೇಳಬಲ್ಲೆ.

ಆ ಮಾತ್ರೆಯ ಹೆಸರು ಟ್ರೈಹೆಕ್ಸಿಫೆನಿಡಿಲ್. ಪ್ಯಾಸಿಟೇನ್ ಎಂಬ ಹೆಸರಿನಿಂದ ಅನೇಕರಿಗೆ ಪರಿಚಿತ. ಸಾಮಾನ್ಯವಾಗಿ 2 ಮಿಲಿಗ್ರಾಂನ ಪುಟ್ಟ ಮಾತ್ರೆ. ಇದೇ ಬಳಗಕ್ಕೆ ಸೇರಿದ ಬೆಂಜ್‌ಟ್ರೋಪಿನ್, ಪ್ರೊಸೈಕ್ಲಿಡಿನ್, ಬೈಪೆರಿಡಿನ್ ಎಂಬ ಔಷಧಿಗಳೂ ಇವೆ. ಈ ಬಳಗವನ್ನು ವೈದ್ಯರು ಆಂಟಿಕೊಲಿನರ್ಜಿಕ್ ಔಷಧಿಗಳು ಎನ್ನುತ್ತಾರೆ. ಹೆಸರು ಉದ್ದವಾದರೂ ಅರ್ಥ ಸರಳ. ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವ ಔಷಧಿ ಎಂದಷ್ಟೇ.

ಈ ಅಸಿಟೈಲ್‌ಕೊಲೀನ್ ಎಂದರೇನು? 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಗಳ ಹೃದಯಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸೋಕಿಸಿದಾಗ ಅದರ ಬಡಿತವೂ ನಿಧಾನವಾಯಿತು. ನರಗಳು ರಾಸಾಯನಿಕಗಳ ಮೂಲಕ ಸಂದೇಶ ಕಳಿಸುತ್ತವೆ ಎಂಬುದು ಹೀಗೆ ಖಚಿತವಾಯಿತು. ಆ ದೂತನೇ ಅಸಿಟೈಲ್‌ಕೊಲೀನ್. ಲೋವಿಯವರಿಗೆ ಹೆನ್ರಿ ಡೇಲ್ ಅವರ ಜೊತೆ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬಾಯಲ್ಲಿ ಜೊಲ್ಲು ಬರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಸಂಕುಚಿಸುವುದು, ಬೆವರು ಹರಿಸುವುದು, ಕಣ್ಣಿನ ಪಾಪೆಯನ್ನು ಕಿರಿದಾಗಿಸುವುದು, ಮೆದುಳಿನಲ್ಲಿ ನೆನಪಿಗೆ ನೆರವಾಗುವುದು, ಇವೆಲ್ಲ ಈ ಒಬ್ಬನೇ ದೂತನ ಕೆಲಸ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ಸ್ಟುಡಿಯೋದಲ್ಲಿ ಧ್ವನಿ ಹೊಂದಿಸುವ ಒಂದು ಮೇಜು ಇರುತ್ತದೆ. ಒಂದೊಂದು ಮೈಕಿಗೂ ಒಂದೊಂದು ಗುಂಡಿ. ಗಾಯಕರ ಮೈಕಿನ ಧ್ವನಿ ಕುಗ್ಗಿದರೆ ತಬಲಾ ಇದ್ದಷ್ಟೇ ಇದ್ದರೂ ಅಬ್ಬರಿಸಿದಂತೆ ಕೇಳುತ್ತದೆ. ಮೆದುಳಿನ ಆಳದಲ್ಲಿ ಚಲನೆಯನ್ನು ಹೊಂದಿಸುವ ಜಾಗದಲ್ಲಿಯೂ ಹೀಗೆಯೇ. ಅಲ್ಲಿ ಡೋಪಮಿನ್ ಮತ್ತು ಅಸಿಟೈಲ್‌ಕೊಲೀನ್ ಎಂಬ ಎರಡು ಧ್ವನಿಗಳು ಸಮತೂಕದಲ್ಲಿರಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತ ಹೋಗುತ್ತವೆ. ಆಗ ಅಸಿಟೈಲ್‌ಕೊಲೀನಿನ ಕೈ ಮೇಲಾಗುತ್ತದೆ, ನಡುಕ ಮತ್ತು ಬಿಗಿತ ಕಾಣಿಸಿಕೊಳ್ಳುತ್ತವೆ. ಸಮತೋಲ ತರಲು ಎರಡು ದಾರಿ. ಕುಗ್ಗಿದ್ದನ್ನು ಏರಿಸುವುದು ಒಂದು, ಹೆಚ್ಚಾದದ್ದನ್ನು ಇಳಿಸುವುದು ಇನ್ನೊಂದು. ನಮ್ಮ ಮಾತ್ರೆ ಎರಡನೆಯ ದಾರಿಯದು. ತೊಡಕೆಂದರೆ, ಮೆದುಳಿನ ಆ ಒಂದು ಮೂಲೆಯ ಗುಂಡಿಯನ್ನು ಮಾತ್ರ ತಿರುಗಿಸುವ ಜಾಣ್ಮೆ ಈ ಮಾತ್ರೆಗಿಲ್ಲ. ಬಾಯಿ, ಕಣ್ಣು, ಕರುಳು, ಮೂತ್ರಕೋಶ, ಬೆವರು, ನೆನಪು, ಎಲ್ಲದರ ಗುಂಡಿಯನ್ನೂ ಅದು ಒಟ್ಟಿಗೆ ಇಳಿಸುತ್ತದೆ.

ಈ ಬಳಗದ ಮೂಲಪುರುಷರು ನಮ್ಮ ರಸ್ತೆಬದಿಯಲ್ಲೇ ಬೆಳೆಯುತ್ತಾರೆ. ಉಮ್ಮತ್ತ, ಮದಗುಣಿಕೆ, ದತ್ತೂರ ಎಂದು ನಾವು ಕರೆಯುವ ಗಿಡದಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ಪದಾರ್ಥಗಳಿವೆ. ಅವು ಮಾಡುವ ಕೆಲಸವೂ ಇದೇ. ಅದರ ಬೀಜ ಅರಿಯದೆ ತಿಂದವರಿಗೆ ಬಾಯಿ ಒಣಗುವುದು, ಮೈ ಕಾದು ಕೆಂಪಾಗುವುದು, ಕಣ್ಣು ಮಂಜಾಗುವುದು, ಇಲ್ಲದ್ದನ್ನು ಕಂಡಂತೆ ಬಡಬಡಿಸುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಸಂಗತಿ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ನಡುಕದ ವಾತವನ್ನು ವರ್ಣಿಸಿ ಬರೆದರು. ಅದೇ ಶತಮಾನದಲ್ಲಿ ಪ್ಯಾರಿಸ್ಸಿನ ಶಾರ್ಕೋ ಎಂಬ ವೈದ್ಯರು ಇದಕ್ಕೆ ಬಳಸಿದ್ದು ಇಂಥದೇ ಸಸ್ಯಮೂಲದ ಔಷಧಿಯನ್ನು. ಟ್ರೈಹೆಕ್ಸಿಫೆನಿಡಿಲ್ ಪ್ರಯೋಗಾಲಯದಲ್ಲಿ ತಯಾರಾಗಿ ಬಂದದ್ದು 1949ರ ಸುಮಾರಿಗೆ. ಗಿಡದ ಸೊಪ್ಪಿನಲ್ಲಿ ಎಷ್ಟು ಅಂಶವಿದೆ ಎಂದು ಹೇಳಲಾಗದು, ಮಾತ್ರೆಯಲ್ಲಿ ಹೇಳಬಹುದು. ಇದೇ ದೊಡ್ಡ ವ್ಯತ್ಯಾಸ. ಆದ್ದರಿಂದ ಉಮ್ಮತ್ತದ ಯಾವ ಮನೆಮದ್ದನ್ನೂ ನಡುಕಕ್ಕೆಂದು ಪ್ರಯೋಗಿಸಬೇಡಿ. ನಸುಗುನ್ನಿ ಬೀಜದ ವಿಷಯದಲ್ಲೂ ಎಚ್ಚರವಿರಲಿ. ಅದರಲ್ಲಿ ಲೆವೊಡೋಪ ಇರುವುದನ್ನು ನಮ್ಮ ದೇಶದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ತೋರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಗೆ ಇಂದು ಮುಖ್ಯ ಔಷಧಿ ಆ ಲೆವೊಡೋಪವೇ. ಆಸ್ಪತ್ರೆಯ ಮಾತ್ರೆಯ ಜೊತೆ ವೈದ್ಯರಿಗೆ ಹೇಳದೆ ಅದರ ಪುಡಿಯನ್ನೂ ಸೇರಿಸಿದರೆ ಅಳತೆ ತಪ್ಪುತ್ತದೆ.

ಇನ್ನು, ನಡುಗುವ ಎಲ್ಲ ಕೈಗೂ ಈ ಮಾತ್ರೆ ಅಲ್ಲ. ಕೈಯನ್ನು ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಾಗ ನಡುಗಿ, ಏನಾದರೂ ಹಿಡಿದಾಗ ಕಡಿಮೆಯಾಗುವ ನಡುಕ ಪಾರ್ಕಿನ್ಸನ್ ಬಗೆಯದು. ಸುಮ್ಮನಿದ್ದಾಗ ಸರಿಯಿದ್ದು, ಚಹಾದ ಲೋಟ ಎತ್ತುವಾಗ, ಸಹಿ ಹಾಕುವಾಗ ನಡುಗುವುದು ಬೇರೆ ಬಗೆಯದು. ಅದು ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಅದಕ್ಕೆ ಬೇರೆಯೇ ಔಷಧಿಯುಂಟು. ಥೈರಾಯಿಡ್ ಗ್ರಂಥಿಯ ಅತಿ ಕೆಲಸ, ದಮ್ಮಿನ ಕೆಲವು ಔಷಧಿಗಳು, ಕುಡಿತವನ್ನು ಥಟ್ಟನೆ ನಿಲ್ಲಿಸುವುದು, ಇವೆಲ್ಲ ಕೈ ನಡುಗಿಸುತ್ತವೆ. ಆದ್ದರಿಂದ ಮೊದಲು ಕಾರಣ, ಆಮೇಲೆ ಮಾತ್ರೆ.

ಕಾರಣ ಹುಡುಕುವಾಗ ಮನೆಯ ಔಷಧಿ ಡಬ್ಬಿಯನ್ನು ತೆರೆದು ನೋಡುವುದನ್ನು ಮರೆಯಬಾರದು. ಏಕೆಂದರೆ ನಡುಕ ತರುವ ಮಾತ್ರೆಗಳೂ ಇವೆ. ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿಗಳು ಡೋಪಮಿನ್ನಿನ ಕೆಲಸವನ್ನು ತಡೆಯುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಗ್ಯಾಸ್ಟ್ರಿಕ್ಕಿಗೆಂದು ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಸೇರಿರುವ ಲೆವೊಸಲ್ಪಿರೈಡ್, ಇವೂ ಅದನ್ನೇ ಮಾಡಬಲ್ಲವು. ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜನಿಗೆ ತಲೆಸುತ್ತು ಎಂದು ಹತ್ತು ದಿನಕ್ಕೆ ಕೊಟ್ಟ ಮಾತ್ರೆ ಹತ್ತು ತಿಂಗಳು ಮುಂದುವರಿಯುತ್ತದೆ. ನಡಿಗೆ ನಿಧಾನವಾಗುತ್ತದೆ, ಕೈ ನಡುಗುತ್ತದೆ. ಪ್ರಾಯವಾಯಿತು ಎಂದುಕೊಂಡು ನಡುಕಕ್ಕೆ ಇನ್ನೊಂದು ಮಾತ್ರೆ. ಅದರಿಂದ ಅಜ್ಜನಿಗೆ ನೆನಪು ತಪ್ಪುತ್ತದೆ, ರಾತ್ರಿ ಎದ್ದು ತೋಟಕ್ಕೆ ಹೋಗುತ್ತೇನೆ ಎನ್ನುತ್ತಾರೆ. ಅರಳುಮರಳು ಎಂದು ಮೂರನೆಯ ಮಾತ್ರೆ. ಇಲ್ಲಿ ಬೇಕಾಗಿದ್ದದ್ದು ಮೊದಲನೆಯ ಮಾತ್ರೆಯನ್ನು ನಿಲ್ಲಿಸುವುದು. ಔಷಧಿಯಿಂದ ಬಂದ ನಡುಕವು ಬಹುಪಾಲು ಮಂದಿಯಲ್ಲಿ ಆ ಔಷಧಿ ನಿಲ್ಲಿಸಿದ ಮೇಲೆ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ತಗ್ಗುತ್ತದೆ. ಆದರೆ ಮಾನಸಿಕ ಕಾಯಿಲೆಯ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಕೂಡದು. ವೈದ್ಯರು ಬದಲಿಸಬೇಕು ಅಥವಾ ತಗ್ಗಿಸಬೇಕು.

ಇದೇ ಔಷಧಿಗಳಿಂದ ಇನ್ನೊಂದು ಸಂಗತಿ ನಡೆಯುತ್ತದೆ. ವಾಂತಿಗೆ ಇಂಜೆಕ್ಷನ್ ತೆಗೆದುಕೊಂಡ ಹದಿನೆಂಟರ ಹುಡುಗಿಗೆ ಅಂದೇ ಸಂಜೆ ಕುತ್ತಿಗೆ ಒಂದು ಬದಿಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ದಪ್ಪವಾದಂತಾಗಿ ಮಾತು ತೊದಲುತ್ತದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ನೋಡಿದವರು ಹೆದರಿ ದೈವದ ಉಪದ್ರವೋ ಎಂದುಕೊಳ್ಳುವುದುಂಟು. ಹರಕೆ ಹೇಳಿಕೊಳ್ಳುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ರಿಕ್ಷಾ ಮೊದಲು ಆಸ್ಪತ್ರೆಯ ಕಡೆ ತಿರುಗಲಿ. ಆಂಟಿಕೊಲಿನರ್ಜಿಕ್ ಬಳಗದ ಒಂದು ಇಂಜೆಕ್ಷನ್ ಸಿಕ್ಕರೆ ಇದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಆಮೇಲೆ ಒಂದೆರಡು ದಿನ ಮಾತ್ರೆ ಕೊಡುತ್ತಾರೆ. ಮೊದಲು ಕೊಟ್ಟಿದ್ದ ಇಂಜೆಕ್ಷನ್ನಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಿ. ಮುಂದೆ ಯಾರೂ ಅದನ್ನು ಕೊಡದಂತೆ ನೋಡಿಕೊಳ್ಳಬಹುದು. ಈ ಮಾತ್ರೆಯ ನಿಜವಾದ ಉಪಕಾರ ಇಂಥಲ್ಲಿ ಕಾಣುತ್ತದೆ. ಹಾಗಾಗಿ ಅದನ್ನು ಕೆಟ್ಟ ಮಾತ್ರೆ ಎಂದು ಯಾರೂ ತಿಳಿಯಬಾರದು.

ಈಗ ಅಡಿಕೆಯ ವಿಷಯ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದಲೂ ಅಡಿಕೆ ಸಂಶೋಧನಾ ಕೇಂದ್ರವಿದೆ. ನಮ್ಮ ಮೂರೂ ಊರುಗಳ ಬದುಕು ಅಡಿಕೆಯನ್ನು ನಂಬಿದೆ. ಮನೆಗೆ ಬಂದವರ ಮುಂದೆ ಹರಿವಾಣವಿಟ್ಟು ಎಲೆಯಡಿಕೆ ಕೊಡುವುದು, ತುಳುವಿನಲ್ಲಿ ಬಚ್ಚಿರೆ ಬಜ್ಜೈ ಎನ್ನುವುದು, ನಮ್ಮ ಮರ್ಯಾದೆ. ಆದರೆ ಅಡಿಕೆಯಲ್ಲಿ ಅರಿಕೊಲಿನ್ ಎಂಬ ಪದಾರ್ಥವಿದೆ. ಅದು ಅಸಿಟೈಲ್‌ಕೊಲೀನಿನಂತೆಯೇ ಕೆಲಸ ಮಾಡುತ್ತದೆ. ಎಲೆಯಡಿಕೆ ಹಾಕಿದಾಗ ಬಾಯಲ್ಲಿ ನೀರೂರುವುದು, ಹಣೆಯಲ್ಲಿ ಬೆವರು ಒಡೆಯುವುದು ಇದರಿಂದಲೇ. ಎಂದರೆ ಒಂದು ಕೈಯಲ್ಲಿ ಮಾತ್ರೆಯಿಂದ ಗುಂಡಿ ಇಳಿಸಿ, ಇನ್ನೊಂದು ಕೈಯಲ್ಲಿ ಅಡಿಕೆಯಿಂದ ಅದೇ ಗುಂಡಿ ಏರಿಸಿದ ಹಾಗೆ.

ಇದು ಬರಿಯ ತರ್ಕವಲ್ಲ. 1989ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಭಾರತೀಯ ಮೂಲದ ಇಬ್ಬರು ರೋಗಿಗಳ ವಿಷಯವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಬ್ಬರೂ ಮಾನಸಿಕ ಕಾಯಿಲೆಗೆ ದೀರ್ಘಕಾಲದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರು. ಅಡಿಕೆಯನ್ನು ವಿಪರೀತ ಜಗಿಯತೊಡಗಿದ ಮೇಲೆ ಅವರಿಗೆ ಬಿಗಿತ, ನಡುಕ ಮೊದಲಾದ ಚಲನೆಯ ತೊಂದರೆಗಳು ತೀವ್ರವಾದವು. ಜಗಿಯುವುದನ್ನು ನಿಲ್ಲಿಸಿದಾಗ ತಗ್ಗಿದವು. ಬ್ರಿಟನ್ನಿನಲ್ಲಿ ಇದು ಅಪರೂಪದ ಸಂಗತಿಯಾಗಿ ಅಚ್ಚಾಯಿತು. ನಮ್ಮಲ್ಲಿ ಅಡಿಕೆ ಬೆಳಗಿನ ಗಂಜಿಯಷ್ಟೇ ಸಾಮಾನ್ಯವಾದ್ದರಿಂದ ಅದನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನೀವೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದರೆ ಅಡಿಕೆಯ ಹೆಸರನ್ನು ಯಾರು ಹೇಳುತ್ತಾರೆ?

ಇಲ್ಲಿ ಇನ್ನೊಂದು ಸುಳಿ ಇದೆ. ಮಾತ್ರೆಯಿಂದ ಬಾಯಿ ಒಣಗುತ್ತದೆ. ಬಾಯಿ ಒಣಗಿದವರಿಗೆ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರೆ ಹಿತವೆನಿಸುತ್ತದೆ. ಹೀಗೆ ಅಡಿಕೆ ಹೆಚ್ಚಿದರೆ ಮಾತ್ರೆಯ ಗುಣ ತಗ್ಗಿ ನಡುಕ ಹೆಚ್ಚಬಹುದು. ಮಾತ್ರೆ ಸಾಲದು ಎಂದು ವೈದ್ಯರು ಅದನ್ನು ಏರಿಸಿದರೆ ಬಾಯಿ ಮತ್ತಷ್ಟು ಒಣಗುತ್ತದೆ. ಆಮೇಲೆ ಯಾವುದೋ ಕಾರಣಕ್ಕೆ, ಹಲ್ಲುನೋವಿಗೋ ಆಸ್ಪತ್ರೆ ವಾಸಕ್ಕೋ, ಅಡಿಕೆ ಒಮ್ಮೆಲೇ ನಿಂತರೆ ಏರಿಸಿದ ಮಾತ್ರೆಯ ಪೂರ್ತಿ ಭಾರ ಮೈಮೇಲೆ ಬೀಳಬಹುದು. ಆದ್ದರಿಂದ ದಿನಕ್ಕೆ ಎಷ್ಟು ಬಾರಿ ಎಲೆಯಡಿಕೆ ಹಾಕುತ್ತೀರಿ ಎಂಬುದನ್ನು ನಾಚದೆ ಹೇಳಿ. ಬಿಡುತ್ತಿದ್ದರೂ ಹೇಳಿ. ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಬೆಳೆಗಾರರ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಬಿಡಬೇಕೆಂದು ಇದ್ದವರಿಗೆ ಇದೂ ಒಂದು ಕಾರಣವಾಗಲಿ ಎಂದು ಹೇಳಿದೆ. ಒಣಬಾಯಿಗೆ ಗುಟುಕು ಗುಟುಕಾಗಿ ನೀರು, ಬೊಂಡ, ತೆಳು ಮಜ್ಜಿಗೆ ಸಾಕು. ಬಾಯಿ ಒಣಗಿದವರ ಹಲ್ಲು ಬೇಗ ಹುಳುಕಾಗುವುದರಿಂದ ಮಲಗುವ ಮುನ್ನವೂ ಹಲ್ಲುಜ್ಜಬೇಕು.

ಅಡ್ಡಪರಿಣಾಮಗಳಲ್ಲಿ ಸಹಿಸಬಹುದಾದವು ಯಾವುವು, ಓಡಬೇಕಾದವು ಯಾವುವು ಎಂಬ ವಿವೇಚನೆ ಮನೆಯವರಿಗೆ ಬೇಕು. ತುಸು ಬಾಯಿ ಒಣಗುವುದು, ಹತ್ತಿರದ ಅಕ್ಷರ ಮಂಜಾಗುವುದು, ಮಲಬದ್ಧತೆ, ಇವನ್ನು ಮುಂದಿನ ಭೇಟಿಯಲ್ಲಿ ಹೇಳಿದರೆ ನಡೆಯುತ್ತದೆ. ಬಸಳೆ, ಹರಿವೆ, ಬಾಳೆಹಣ್ಣು, ಸಾಕಷ್ಟು ನೀರು ಮಲಬದ್ಧತೆಗೆ ಒಳ್ಳೆಯದು. ಆದರೆ ಮೂತ್ರ ಕಟ್ಟಿ ಹೊಟ್ಟೆಯ ಕೆಳಭಾಗ ಉಬ್ಬಿದರೆ, ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಹೊಟ್ಟೆ ಉಬ್ಬರಿಸಿ ಗಾಳಿಯೂ ಹೋಗದಿದ್ದರೆ, ಇಲ್ಲದ ಜನರ ಜೊತೆ ಮಾತಾಡತೊಡಗಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ರಾಸ್ಟೇಟ್ ತೊಂದರೆ ಇರುವವರು, ಗ್ಲಾಕೋಮ ಇರುವವರು, ನೆನಪು ಕುಂದುತ್ತಿರುವವರು ಮಾತ್ರೆ ಆರಂಭಿಸುವ ಮೊದಲೇ ಅದನ್ನು ತಿಳಿಸಬೇಕು. ಅರುವತ್ತೈದು ದಾಟಿದವರಿಗೆ ಈ ಮಾತ್ರೆಯನ್ನು ಆದಷ್ಟು ಕೊಡದಿರುವುದೇ ಇಂದಿನ ವೈದ್ಯರ ರೂಢಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದು ಮುಖ್ಯವಾಗಿ ನಡುಕ ಹೆಚ್ಚಿರುವ, ಪ್ರಾಯ ಕಡಿಮೆ ಇರುವ ರೋಗಿಗಳಿಗೆ ಸಲ್ಲುತ್ತದೆ. ನಡಿಗೆಯ ನಿಧಾನಕ್ಕೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ಬೆವರಿನ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಬೆವರು ಇಳಿದು ಮೈ ತಣಿಯಬೇಕು. ಈ ಮಾತ್ರೆ ಬೆವರನ್ನು ತಡೆಯುವುದರಿಂದ ಮೈಯ ಕಾವು ಹೊರಹೋಗುವ ದಾರಿ ಮುಚ್ಚುತ್ತದೆ. ಅಂಗಳದಲ್ಲಿ ಅಡಿಕೆ ಹರಡುವುದು, ಸೊಪ್ಪು ತರುವುದು ಮೊದಲಾದ ಕೆಲಸ ಬೆಳಗ್ಗೆ ಸಂಜೆಗೆ ಇಟ್ಟುಕೊಳ್ಳಿ. ಮೈ ಸುಡುತ್ತಿದ್ದು, ಚರ್ಮ ಒಣಗಿದ್ದು, ಮಾತು ತಪ್ಪುತ್ತಿದ್ದರೆ ನೆರಳಿಗೆ ತಂದು ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನು ಮಾಡಿ. ಕಣ್ಣು ಮಂಜಾಗುವ ಕಾರಣ, ಮಾತ್ರೆ ಹೊಸತಾಗಿ ಆರಂಭಿಸಿದವರು ಅಥವಾ ಏರಿಸಿದವರು ಕಣ್ಣು ಸರಿಯಾಗಿದೆಯೆಂದು ಖಚಿತವಾಗುವ ತನಕ ಅಡಿಕೆ ಮರ ಹತ್ತಿ ಮದ್ದು ಬಿಡುವುದಾಗಲಿ, ಚಾರ್ಮಾಡಿಯ ತಿರುವುಗಳಲ್ಲಿ ವಾಹನ ನಡೆಸುವುದಾಗಲಿ ಬೇಡ.

ಇದೇ ಬಳಗದ ಗುಣ ಬೇರೆ ಮಾತ್ರೆಗಳಲ್ಲೂ ಅಡಗಿರುತ್ತದೆ. ಶೀತಕ್ಕೆ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್, ಫೆನಿರಮಿನ್, ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೊಮಿನ್, ನಿದ್ರೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಎಲ್ಲವೂ ಇದೇ ಗುಂಡಿಯನ್ನು ಇಳಿಸುವವು. ಒಂದೊಂದಾಗಿ ಸಹ್ಯವಾದವು ಒಟ್ಟಾದಾಗ ಹಿರಿಯರಿಗೆ ಭ್ರಮೆ ತರಬಲ್ಲವು. ಇನ್ನು ನೆನಪಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೊಲೀನನ್ನು ಹೆಚ್ಚಿಸುವ ಔಷಧಿ. ಅದನ್ನೂ ಇದನ್ನೂ ಒಟ್ಟಿಗೆ ಕೊಡುವುದು ಒಂದೇ ಹಗ್ಗವನ್ನು ಎರಡು ಕಡೆಯಿಂದ ಎಳೆದಂತೆ. ಮೆಡಿಕಲ್ ಅಂಗಡಿಯಲ್ಲಿ ಶೀತದ ಮಾತ್ರೆ ಕೇಳುವಾಗಲೂ ನಡುಕದ ಮಾತ್ರೆಯ ಪಟ್ಟಿಯನ್ನು ತೋರಿಸಿ.

ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವುದು ಪದ್ಧತಿ. ಇಳಿಸುವುದೂ ಹಾಗೆಯೇ. ಥಟ್ಟನೆ ನಿಲ್ಲಿಸಿದರೆ ನಡುಕ, ಬಿಗಿತ, ತಳಮಳ, ನಿದ್ರೆಗೇಡು ಒಟ್ಟಾಗಿ ಬರಬಹುದು. ಮಳೆಗಾಲದಲ್ಲಿ ಬಸ್ಸು ನಿಂತು ಪೇಟೆಗೆ ಹೋಗಲಾಗದ ದಿನಗಳಿಗೆಂದು ಒಂದು ವಾರದ ಮಾತ್ರೆ ಮನೆಯಲ್ಲಿ ಹೆಚ್ಚಿಗೆ ಇರಲಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸುತ್ತ ಹೋಗುವುದೂ ತಪ್ಪು. ಮಾನಸಿಕ ಕಾಯಿಲೆಯ ಔಷಧಿಯ ಜೊತೆ ಈ ಮಾತ್ರೆಯನ್ನು ಎಲ್ಲರಿಗೂ ಮುಂಜಾಗ್ರತೆಗೆಂದು ಸದಾ ಕೊಡುತ್ತಿರಬೇಕಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1990ರಲ್ಲೇ ಹೇಳಿದ್ದಾರೆ. ಕೆಲವು ತಿಂಗಳ ಬಳಿಕ ಅನೇಕರಿಗೆ ಇದರ ಅಗತ್ಯವಿರುವುದಿಲ್ಲ. ಬಹುಕಾಲ ಔಷಧಿ ತೆಗೆದುಕೊಂಡವರಲ್ಲಿ ಬಾಯಿ ಚಪ್ಪರಿಸುವ, ನಾಲಿಗೆ ಹೊರಳಿಸುವ ಚಲನೆ ಕಾಣಿಸಿಕೊಂಡರೆ ಈ ಮಾತ್ರೆ ಅದನ್ನು ಹೆಚ್ಚಿಸಲೂಬಹುದು. ಇದು ನನಗೆ ಇನ್ನೂ ಬೇಕೇ ಡಾಕ್ಟ್ರೇ, ಎಂದು ಕೇಳುವುದು ಅವಿನಯವಲ್ಲ. ಕೆಲವರು ಮತ್ತಿಗಾಗಿ ಇದನ್ನು ದುರುಪಯೋಗ ಮಾಡುವುದೂ ಉಂಟು. ಆದ್ದರಿಂದ ಮಾತ್ರೆ ಬೀಗದ ಕಪಾಟಿನಲ್ಲಿರಲಿ, ಮಕ್ಕಳ ಕೈಗೆ ಸಿಗದಿರಲಿ.

ಹಿಂದೆ ಇಂಥ ವಿಷಯ ಕೇಳಲು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಇಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಜ್ಞರು ಬರುವ ದಿನ ತಿಳಿಯುತ್ತದೆ. ಅಗತ್ಯವಿದ್ದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಮಾನಸಿಕ ಆರೋಗ್ಯದ ಪ್ರಶ್ನೆಗಳಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಒಂದು ಚೀಲ ಹಿಡಿದುಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಚೂರ್ಣ, ಕಷಾಯದ ಪುಡಿ ಅದರಲ್ಲಿರಲಿ. ಅಡಿಕೆ ಹಾಕುವವರಾದರೆ ಎಲೆಯಡಿಕೆಯ ಚೀಲವನ್ನೂ ಅದರಲ್ಲೇ ಇಡಿ. ಅದನ್ನು ಮೇಜಿನ ಮೇಲೆ ಕಂಡ ವೈದ್ಯರು ನೀವು ಹೇಳಲು ಮರೆತದ್ದನ್ನು ತಾವಾಗಿಯೇ ಕೇಳುತ್ತಾರೆ.